ಹೆಸರು ಹಿಡಿದು ಕರೆದರೆ ಬರುತ್ತವೆ

(ಕಂಪ್ಯೂಟರ್ ಬಳಸುವವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕಮಾಂಡುಗಳನ್ನು ಅಕ್ಷರ ಬಿಡಿಸಿ ಹೇಳಿದ್ದೆ. ಇಲ್ಲೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಕೆಲಸ ಮಾಡೋಣ. ನಿಮ್ಮ ಮುಂದೆ ವಿಂಡೋಸ್ ಕಂಪ್ಯೂಟರ್ ಇದ್ದರೆ ಕೀಬೋರ್ಡಿನ ಕೊನೆಯ ಸಾಲು ನೋಡಿ. ಅಲ್ಲಿ ಕಿಟಕಿಯ ಚಿತ್ರ ಇರುವ ಒಂದು ಕೀ ಇದೆ. ಅದನ್ನು ಒತ್ತಿ ಹಿಡಿದುಕೊಂಡೇ ಆರ್ ಒತ್ತಿ. ಪರದೆಯ ಎಡಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಬಂತು, ಅಲ್ವಾ? ಅದರ ತಲೆಯ ಮೇಲೆ ರನ್ ಅಂತ ಬರೆದಿದೆ. ಅದರೊಳಗೆ ಸಿ-ಎ-ಎಲ್-ಸಿ ಅಂತ ನಾಲ್ಕು ಅಕ್ಷರ ಟೈಪ್ ಮಾಡಿ, ಎಂಟರ್ ಒತ್ತಿ. ಕ್ಯಾಲ್ಕುಲೇಟರ್ ತೆರೆದುಕೊಂಡಿತು.

ಇವತ್ತಿನ ವಿಷಯ ಇದೇ. ಕಂಪ್ಯೂಟರಿನ ಒಳಗೆ ಮೊದಲಿನಿಂದಲೇ ಇರುವ ಪ್ರೋಗ್ರಾಮುಗಳನ್ನು ಹೆಸರು ಹಿಡಿದು ಕರೆಯುವುದು. ನೋಡೋಕೆ ತೀರಾ ಸಣ್ಣ ವಿಷಯ. ನನಗೂ ಬಹಳ ದಿನ ಹಾಗೇ ಅನ್ನಿಸಿತ್ತು. ಇದರ ಬೆಲೆ ಗೊತ್ತಾಗಿದ್ದು ಒಂದು ಫೋನ್ ಕರೆಯಲ್ಲಿ.

ನನ್ನ ಚಿಕ್ಕಮ್ಮ ದೂರದ ಊರಿನಲ್ಲಿ ಇರುತ್ತಾರೆ. ಒಂದು ದಿನ ಫೋನ್ ಮಾಡಿ, ಕಂಪ್ಯೂಟರಿನಲ್ಲಿ ಶಬ್ದವೇ ಬರುತ್ತಿಲ್ಲ, ಸಂಜೆ ಮೊಮ್ಮಗಳ ಜೊತೆ ವಿಡಿಯೊದಲ್ಲಿ ಮಾತಾಡಬೇಕು ಅಂದರು. ನಾನು ನನ್ನ ಪರದೆ ನೋಡಿಕೊಂಡು ದಾರಿ ಹೇಳೋಕೆ ಶುರು ಮಾಡಿದೆ.

"ಚಿಕ್ಕಮ್ಮ, ಕೆಳಗೆ ಬಲಮೂಲೆಯಲ್ಲಿ ಸ್ಪೀಕರ್ ಚಿತ್ರ ಇದೆಯಲ್ಲ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ."

"ಮಾಡಿದೆ ಕಣೋ. ಏನೇನೋ ಐದಾರು ಬಂತು. ಯಾವುದನ್ನ ಒತ್ತಲಿ?"

ನನ್ನ ಪರದೆಯಲ್ಲಿ ಐದಾರು ಇರಲೇ ಇಲ್ಲ. ನನ್ನದು ವಿಂಡೋಸ್ 11, ಅವರದು ವಿಂಡೋಸ್ 10. ನಾನು ಹೇಳಿದ್ದು ಅಲ್ಲಿಲ್ಲ, ಅವರು ಓದಿದ್ದು ಇಲ್ಲಿಲ್ಲ. ಹೀಗೇ ಇಪ್ಪತ್ತು ನಿಮಿಷ ಹೋಯಿತು. ಅವರ ದನಿಯಲ್ಲಿ "ನನಗೇ ಬರೋದಿಲ್ಲ ಬಿಡು" ಅನ್ನುವ ಸಂಕೋಚ ಕಾಣಿಸಿಕೊಂಡಿತು. ನನಗೆ ಬೇಜಾರಾಗಿದ್ದು ಅದಕ್ಕೆ. ತಪ್ಪು ಅವರದ್ದಲ್ಲವೇ ಅಲ್ಲ.

ಆಮೇಲೆ ಹೊಳೆಯಿತು. "ಚಿಕ್ಕಮ್ಮ, ಎಲ್ಲ ಬಿಡಿ. ಕಿಟಕಿ ಚಿತ್ರದ ಕೀ ಹಿಡಿದುಕೊಂಡು ಆರ್ ಒತ್ತಿ. ಬಂತಾ? ಈಗ ನಾನು ಹೇಳಿದ ಅಕ್ಷರ ಹೊಡೆಯಿರಿ. ಎಂ."

"ಎನ್ನಾ, ಎಮ್ಮಾ?"

"ಎಂ ಚಿಕ್ಕಮ್ಮ, ಮರದ ಮ. ಇನ್ನೊಂದು ಎಂ. ಆಮೇಲೆ ಎಸ್, ವೈ, ಎಸ್. ಒಂದು ಚುಕ್ಕಿ."

"ಫುಲ್‌ಸ್ಟಾಪಾ?"

"ಹೌದು. ಆಮೇಲೆ ಸಿ, ಪಿ, ಎಲ್. ಎಂಟರ್ ಒತ್ತಿ."

ಇಬ್ಬರ ಪರದೆಯ ಮೇಲೂ ಒಂದೇ ಪಟ್ಟಿ ಬಂತು. ಈಗ ನಾನು ನೋಡುತ್ತಿರುವುದನ್ನೇ ಅವರೂ ನೋಡುತ್ತಿದ್ದಾರೆ. ಹಸಿರು ಟಿಕ್ ಗುರುತು ಯಾವುದರ ಪಕ್ಕ ಇದೆ ಅಂತ ಕೇಳಿದೆ. ಮಾನಿಟರ್ ಹೆಸರು ಓದಿದರು. ಹಿಂದಿನ ದಿನ ಹೊಸ ಮಾನಿಟರ್ ಜೋಡಿಸಿದ್ದರಂತೆ. ಅದು ಎಚ್‌ಡಿಎಂಐ ಕೇಬಲ್ಲಿನದು. ಆ ಕೇಬಲ್ ಚಿತ್ರವನ್ನೂ ಶಬ್ದವನ್ನೂ ಒಟ್ಟಿಗೆ ಒಯ್ಯುತ್ತದೆ. ಹಾಗಾಗಿ ವಿಂಡೋಸ್ ಶಬ್ದವನ್ನೆಲ್ಲ ಮಾನಿಟರಿಗೆ ಕಳಿಸುತ್ತಿತ್ತು. ಆ ಮಾನಿಟರಿಗೆ ಸ್ಪೀಕರೇ ಇಲ್ಲ! ಪಟ್ಟಿಯಲ್ಲಿ ಸ್ಪೀಕರ್ಸ್ ಅನ್ನುವುದನ್ನು ಆರಿಸಿ, ಕೆಳಗಿನ ಸೆಟ್ ಡೀಫಾಲ್ಟ್ ಗುಂಡಿ ಒತ್ತಿದರು. ಎರಡು ನಿಮಿಷದ ಕೆಲಸ.

ಅವತ್ತಿನಿಂದ ಫೋನಿನಲ್ಲಿ ನಾನು ದಾರಿ ಹೇಳುವುದನ್ನು ಬಿಟ್ಟೆ. ಹೆಸರು ಹೇಳುತ್ತೇನೆ. ಮೆನುವಿನ ದಾರಿ ಪ್ರತಿ ಹೊಸ ಆವೃತ್ತಿಗೂ ಬದಲಾಗುತ್ತದೆ. 2012ರ ವಿಂಡೋಸ್ 8ರಲ್ಲಿ ಹಳೆಯ ಕಂಟ್ರೋಲ್ ಪ್ಯಾನೆಲ್‌ನಿಂದ ಹೊಸ ಸೆಟ್ಟಿಂಗ್ಸ್ ಕಡೆಗೆ ಸಾಮಾನು ಸಾಗಿಸೋಕೆ ಶುರು ಮಾಡಿದರು. ಆ ಸಾಗಾಟ ಇನ್ನೂ ಮುಗಿದಿಲ್ಲ. ಆದರೆ ಹೆಸರುಗಳು ಹಾಗಲ್ಲ. ಒಮ್ಮೆ ಇಟ್ಟ ಹೆಸರು ಇಪ್ಪತ್ತು ಮೂವತ್ತು ವರ್ಷ ಜಗ್ಗದೆ ನಿಂತಿರುತ್ತದೆ. ಹಳೆಯ ಪ್ರೋಗ್ರಾಮುಗಳು, ಕಚೇರಿಗಳಲ್ಲಿ ಬರೆದಿಟ್ಟ ಸ್ಕ್ರಿಪ್ಟುಗಳು ಆ ಹೆಸರನ್ನೇ ನಂಬಿಕೊಂಡಿರುತ್ತವೆ. ಬದಲಿಸಿದರೆ ಅವೆಲ್ಲ ಕೆಡುತ್ತವೆ. ಹಾಗಾಗಿ ಯಾರೂ ಸುಲಭವಾಗಿ ಮುಟ್ಟುವುದಿಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಇದೆ. 1985ರಲ್ಲಿ ಬಂದ ಮೊಟ್ಟಮೊದಲ ವಿಂಡೋಸ್‌ನಲ್ಲಿ ರೈಟ್ ಅನ್ನುವ ಬರವಣಿಗೆಯ ಪ್ರೋಗ್ರಾಂ ಇತ್ತು. ಬರೆಯುವುದು ಅನ್ನುವ ಅರ್ಥದ ರೈಟ್: ಡಬ್ಲ್ಯೂ-ಆರ್-ಐ-ಟಿ-ಇ. ವಿಂಡೋಸ್ 95ರಲ್ಲಿ ಅದರ ಜಾಗಕ್ಕೆ ವರ್ಡ್‌ಪ್ಯಾಡ್ ಬಂತು. ಆದರೂ ಆ ಐದು ಅಕ್ಷರ ಹೊಡೆದರೆ ಕೆಲಸ ಆಗುತ್ತಿತ್ತು. ಹಳೆಯ ಹೆಸರು ಕರೆದರೆ ಹೊಸಬ ಓಗೊಡುತ್ತಿದ್ದ. ಕೊನೆಗೆ 2024ರಲ್ಲಿ, ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ವರ್ಡ್‌ಪ್ಯಾಡನ್ನೇ ತೆಗೆದರು. ಆಗ ರೈಟ್ ಅನ್ನುವ ಹೆಸರೂ ಹೋಯಿತು. ಒಂದು ಹೆಸರು ಮೂವತ್ತೆಂಟು ವರ್ಷಕ್ಕಿಂತ ಜಾಸ್ತಿ ಬಾಳಿತು.

ಇನ್ನು ಈ ಪೆಟ್ಟಿಗೆ ಏನು ಮಾಡುತ್ತದೆ ಅಂತ ಸ್ವಲ್ಪ ನೋಡೋಣ. ಇದು ಹೊಸದೇನಲ್ಲ. ವಿಂಡೋಸ್ 95ರ ಸ್ಟಾರ್ಟ್ ಮೆನುವಿನಲ್ಲಿ ರನ್ ಇತ್ತು. ಅದಕ್ಕೂ ಮುಂಚೆ ವಿಂಡೋಸ್ 3.1ರಲ್ಲಿ ಫೈಲ್ ಮೆನುವಿನ ಒಳಗೆ ಇತ್ತು. ನೀವು ಒಂದು ಹೆಸರು ಬರೆದಾಗ ಅದು ಕೆಲವು ಗೊತ್ತಾದ ಜಾಗಗಳಲ್ಲಿ ಹುಡುಕುತ್ತದೆ. ವಿಂಡೋಸ್ ಫೋಲ್ಡರ್, ಅದರೊಳಗಿನ ಸಿಸ್ಟಮ್32 ಫೋಲ್ಡರ್, ಮತ್ತೆ ಪಾತ್ ಅನ್ನುವ ಪಟ್ಟಿಯಲ್ಲಿ ಬರೆದಿಟ್ಟ ಇತರ ಫೋಲ್ಡರುಗಳು. ಇದಲ್ಲದೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಆಪ್ ಪಾತ್ಸ್ ಅಂತ ಒಂದು ಪಟ್ಟಿ ಇದೆ. ಹೊಸದಾಗಿ ಒಂದು ಪ್ರೋಗ್ರಾಂ ಹಾಕಿಕೊಂಡಾಗ ಅದು ತನ್ನ ಹೆಸರು, ವಿಳಾಸವನ್ನು ಅಲ್ಲಿ ಬರೆಸಬಹುದು. ಎಕ್ಸೆಲ್ ಅಂತ ಬರೆದರೆ ಎಕ್ಸೆಲ್ ತೆರೆಯುವುದು ಆ ಪಟ್ಟಿಯಿಂದಲೇ.

ಆದರೆ ವರ್ಡ್ ಅಂತ ಬರೆದರೆ ವರ್ಡ್ ತೆರೆಯುವುದಿಲ್ಲ! ಯಾಕೆ ಅಂದರೆ ಮೆನುವಿನಲ್ಲಿ ಕಾಣುವ ಹೆಸರು ಬೇರೆ, ಫೈಲಿನ ಹೆಸರು ಬೇರೆ. ವರ್ಡ್‌ನ ಫೈಲಿನ ಹೆಸರು ವಿನ್‌ವರ್ಡ್. ಪವರ್‌ಪಾಯಿಂಟ್‌ನದು ಇನ್ನೂ ವಿಚಿತ್ರ: ಪಿ-ಓ-ಡಬ್ಲ್ಯೂ-ಇ-ಆರ್-ಪಿ-ಎನ್-ಟಿ. ಪಾಯಿಂಟ್ ಅನ್ನುವುದರಲ್ಲಿ ಎರಡು ಅಕ್ಷರ ಮಾಯ. ಯಾಕೆ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂತ ಬಂದಿರುವುದು ಇದನ್ನೇ.

ರನ್ ಕಮಾಂಡುಗಳ ನೂರು, ಇನ್ನೂರರ ಪಟ್ಟಿಗಳು ಎಲ್ಲ ಕಡೆ ಸಿಗುತ್ತವೆ. ಜನ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡೋಕೆ ಹೋಗಿ ನಾಲ್ಕನೇ ಸಾಲಿಗೆ ಕೈಬಿಡುತ್ತಾರೆ. ನೋಡಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಬಾಯಿಪಾಠ ಬೇಡ. ಇವು ಓದಬಹುದಾದ ಹೆಸರುಗಳು. ಹೇಗೆ ಕತ್ತರಿಸಿದ್ದಾರೆ ಅಂತ ಗೊತ್ತಾದರೆ ಸಾಕು.

ಹಿಂದೆ, ವಿಂಡೋಸ್‌ಗೂ ಮುಂಚೆ ಬಂದ ಎಂಎಸ್-ಡಾಸ್ ಕಾಲದಲ್ಲಿ ಫೈಲಿನ ಹೆಸರಿಗೆ ಇದ್ದ ಜಾಗ 8 ಅಕ್ಷರ. ಆಮೇಲೆ ಒಂದು ಚುಕ್ಕಿ. ಚುಕ್ಕಿಯ ನಂತರದ ಬಾಲಕ್ಕೆ 3 ಅಕ್ಷರ. ಅಷ್ಟರೊಳಗೇ ಎಲ್ಲ ಹೇಳಿ ಮುಗಿಸಬೇಕು. ಆಗ ಏನು ಮಾಡಿದರು? ಉದ್ದ ಪದದ ನಡುವಿನ ಸ್ವರಗಳನ್ನು ಕಿತ್ತರು. ವ್ಯಂಜನಗಳ ಎಲುಬಿನ ಗೂಡು ಉಳಿಸಿಕೊಂಡರು. ಈಗ ಪವರ್‌ಪಾಯಿಂಟ್‌ನ ಅಕ್ಷರ ಎಣಿಸಿ ನೋಡಿ. ಸರಿಯಾಗಿ ಎಂಟು. ಪಾಯಿಂಟ್‌ನ ಓ ಮತ್ತು ಐ ಹೋಗಿ ಪಿ-ಎನ್-ಟಿ ಉಳಿದಿದೆ.

ಇನ್ನೊಂದು ನೋಡಿ. ಇ-ವಿ-ಇ-ಎನ್-ಟಿ-ವಿ-ಡಬ್ಲ್ಯೂ-ಆರ್. ಮೊದಲ ಐದು ಅಕ್ಷರ ಈವೆಂಟ್. ಉಳಿದ ಮೂರು ವ್ಯೂವರ್ ಅನ್ನುವ ಪದದ ಎಲುಬು. ಈವೆಂಟ್ ವ್ಯೂವರ್. ಕಂಪ್ಯೂಟರಿನಲ್ಲಿ ನಡೆದದ್ದೆಲ್ಲ ದಾಖಲಾಗುವ ದಿನಚರಿ ಪುಸ್ತಕ ಅದು. ಇದೂ ಎಂಟೇ ಅಕ್ಷರ.

ಎಂ-ಜಿ-ಆರ್ ಕಂಡರೆ ಮ್ಯಾನೇಜರ್ ಅಂತ ಓದಿ. ಎಂ-ಜಿ-ಎಂ-ಟಿ ಕಂಡರೆ ಮ್ಯಾನೇಜ್‌ಮೆಂಟ್. ಟಾಸ್ಕ್ ಮುಂದೆ ಎಂ-ಜಿ-ಆರ್ ಸೇರಿಸಿದರೆ ಟಾಸ್ಕ್ ಮ್ಯಾನೇಜರ್. ಕ್ಲೀನ್ ಮುಂದೆ ಎಂ-ಜಿ-ಆರ್ ಹಾಕಿದರೆ ಡಿಸ್ಕಿನಲ್ಲಿರುವ ಬೇಡದ ಫೈಲುಗಳನ್ನು ತೆಗೆಯುವ ಪ್ರೋಗ್ರಾಂ. ಡಿಸ್ಕ್ ಮುಂದೆ ಎಂ-ಜಿ-ಎಂ-ಟಿ ಹಾಕಿ, ಚುಕ್ಕಿ ಇಟ್ಟು, ಎಂ-ಎಸ್-ಸಿ ಬರೆದರೆ ಡಿಸ್ಕ್ ಮ್ಯಾನೇಜ್‌ಮೆಂಟ್. ಇಲ್ಲಿ ಒಂದು ಎಡವಟ್ಟು ಇದೆ, ನಾನೂ ಎಡವಿದ್ದೇನೆ. ಡಿವೈಸ್ ಮ್ಯಾನೇಜರ್ ಅಂತ ಮೆನುವಿನಲ್ಲಿ ಬರೆದಿದೆ. ಹಾಗಾದರೆ ಹೆಸರಿನಲ್ಲಿ ಎಂ-ಜಿ-ಆರ್ ಇರಬೇಕು ಅಲ್ವಾ? ಇಲ್ಲ. ಅದು ಡಿ-ಇ-ವಿ-ಎಂ-ಜಿ-ಎಂ-ಟಿ, ಚುಕ್ಕಿ, ಎಂ-ಎಸ್-ಸಿ. ಇದೊಂದನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಪ್ರಿಂಟರೋ ಕ್ಯಾಮೆರಾವೋ ಕೆಲಸ ಮಾಡದೆ ಇದ್ದಾಗ ಮೊದಲು ನೋಡುವ ಜಾಗ ಇದೇ ಆದ್ದರಿಂದ ಕಲಿತರೆ ನಷ್ಟವಿಲ್ಲ.

ಎಂಟು ಅಕ್ಷರದ ಕಟ್ಟು ಮನೆಯ ಕಂಪ್ಯೂಟರುಗಳಲ್ಲಿ ಸಡಿಲವಾಗಿದ್ದು ವಿಂಡೋಸ್ 95ರಿಂದ. ಆಮೇಲೆ ಹೆಸರು 255 ಅಕ್ಷರದವರೆಗೂ ಇರಬಹುದಿತ್ತು. ಆದರೂ ಬರೆಯುವವರ ಕೈಗೆ ಹಳೆಯ ಅಭ್ಯಾಸ ಅಂಟಿತ್ತು. ಡಿವೈಸ್ ಮ್ಯಾನೇಜರಿನ ಆ ಹೆಸರು ವಿಂಡೋಸ್ 2000ದಲ್ಲಿ ಬಂದದ್ದು. ಆಗಲೂ ಎಂಟರ ಒಳಗೇ ಮುಗಿಸಿದ್ದಾರೆ. ಮುಂದೆ ಪರದೆಯ ಚಿತ್ರ ಕತ್ತರಿಸುವ ಸ್ನಿಪ್ಪಿಂಗ್ ಟೂಲ್ ಬರುವ ಹೊತ್ತಿಗೆ ಪೂರ್ತಿ ಹೆಸರನ್ನೇ ಇಟ್ಟರು. ನಡುವೆ ಜಾಗ ಬಿಡದೆ ಸ್ನಿಪ್ಪಿಂಗ್‌ಟೂಲ್ ಅಂತ ಬರೆದರೆ ತೆರೆಯುತ್ತದೆ. ಹೀಗೆ ಒಂದು ಹೆಸರಿನ ಉದ್ದ ನೋಡಿದರೆ ಅದು ಯಾವ ಕಾಲದ್ದು ಅಂತ ಸುಮಾರಾಗಿ ಊಹಿಸಬಹುದು.

ಬಾಲಗಳ ವಿಷಯ. ಸಾಮಾನ್ಯ ಪ್ರೋಗ್ರಾಮುಗಳ ಬಾಲ ಇ-ಎಕ್ಸ್-ಇ. ಅದನ್ನು ಬರೆಯಬೇಕಿಲ್ಲ, ಪೆಟ್ಟಿಗೆಯೇ ಸೇರಿಸಿಕೊಳ್ಳುತ್ತದೆ. ಸಿ-ಪಿ-ಎಲ್ ಅಂದರೆ ಕಂಟ್ರೋಲ್ ಪ್ಯಾನೆಲ್‌ನ ಒಂದೊಂದು ತುಂಡು. ಎಂ-ಎಸ್-ಸಿ ಅಂದರೆ ಕಂಪ್ಯೂಟರನ್ನು ನೋಡಿಕೊಳ್ಳುವವರಿಗಾಗಿ ಮಾಡಿದ ಮ್ಯಾನೇಜ್‌ಮೆಂಟ್ ಕನ್ಸೋಲಿನ ಫೈಲು. ಈ ಎರಡಕ್ಕೂ ಬಾಲ ಸೇರಿಸಿಯೇ ಬರೆಯಿರಿ. ಚಿಕ್ಕಮ್ಮನಿಗೆ ನಾನು ಹೇಳಿದ್ದನ್ನು ಈಗ ನೀವೇ ಓದಬಹುದು. ಎಂ-ಎಂ ಅಂದರೆ ಮಲ್ಟಿಮೀಡಿಯಾ, ಎಸ್-ವೈ-ಎಸ್ ಅಂದರೆ ಸಿಸ್ಟಮ್, ಬಾಲದಲ್ಲಿ ಕಂಟ್ರೋಲ್ ಪ್ಯಾನೆಲ್. ಎನ್-ಸಿ-ಪಿ-ಎ ಚುಕ್ಕಿ ಸಿ-ಪಿ-ಎಲ್ ಅಂದರೆ ನೆಟ್‌ವರ್ಕಿನದು. ವೈಫೈ ಕೈಕೊಟ್ಟಾಗ ಇದು ಬೇಕಾಗುತ್ತದೆ. ಎ-ಪಿ-ಪಿ-ಡಬ್ಲ್ಯೂ-ಐ-ಝಡ್ ಅಂದರೆ ಅಪ್ಲಿಕೇಶನ್ ವಿಝಾರ್ಡ್. ಬೇಡದ ಪ್ರೋಗ್ರಾಂ ತೆಗೆದುಹಾಕುವ ಕಿಟಕಿ. ಇದರ ಬಾಲವೂ ಸಿ-ಪಿ-ಎಲ್ಲೇ.

ದೂರದ ಕಂಪ್ಯೂಟರಿಗೆ ಸೇರಿಕೊಳ್ಳುವ ರಿಮೋಟ್ ಡೆಸ್ಕ್‌ಟಾಪ್ ಇದೆಯಲ್ಲ, ಅದರ ಹೆಸರು ಎಂ-ಎಸ್-ಟಿ-ಎಸ್-ಸಿ. ಇದರಲ್ಲಿ ರಿಮೋಟ್ ಎಲ್ಲಿದೆ, ಡೆಸ್ಕ್‌ಟಾಪ್ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ. ಹಿಂದೆ ಆ ಸೇವೆಯ ಹೆಸರು ಟರ್ಮಿನಲ್ ಸರ್ವಿಸಸ್. ಮೈಕ್ರೋಸಾಫ್ಟ್ ಟರ್ಮಿನಲ್ ಸರ್ವಿಸಸ್ ಕ್ಲೈಂಟ್. ಮೇಲಿನ ಬೋರ್ಡು ಬದಲಾಯಿತು, ಒಳಗಿನ ಹೆಸರು ಹಾಗೇ ಉಳಿಯಿತು. ಮದುವೆಯಾಗಿ ಎಷ್ಟು ವರ್ಷವಾದರೂ ತವರಿನವರು ಕರೆಯುವ ಹೆಸರು ಬದಲಾಗುವುದಿಲ್ಲವಲ್ಲ, ಹಾಗೆ.

ಎಲ್ಲವೂ ಹೀಗೆ ಗಟ್ಟಿ ಅಂತ ನಾನು ಹೇಳುವುದಿಲ್ಲ. ಡೆಸ್ಕ್ ಚುಕ್ಕಿ ಸಿ-ಪಿ-ಎಲ್ ಅಂತ ಬರೆದರೆ ಹಿಂದೆ ಪರದೆಯ ಹಳೆಯ ಕಿಟಕಿ ಬರುತ್ತಿತ್ತು. ಈಗ ಅದು ನಿಮ್ಮನ್ನು ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟಕ್ಕೆ ಕರೆದುಕೊಂಡು ಹೋಗುತ್ತದೆ. ಅದರಲ್ಲೂ ನೋಡಿ, ಹೆಸರನ್ನು ಅಳಿಸಿಲ್ಲ, ಹೊಸ ಮನೆಯ ದಾರಿ ತೋರಿಸುತ್ತದೆ.

"ಇಷ್ಟೆಲ್ಲ ಯಾಕೆ, ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗೋದಿಲ್ವಾ?" ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಸಿಗುತ್ತದೆ. ದಿನನಿತ್ಯದ ಕೆಲಸಕ್ಕೆ ನಾನೂ ಹಾಗೇ ಹುಡುಕುತ್ತೇನೆ. ಆದರೆ ಹುಡುಕಾಟ ಏನನ್ನು ಮೊದಲು ತೋರಿಸುತ್ತದೆ ಅನ್ನುವುದು ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಥರ. ಇಂಟರ್ನೆಟ್ಟಿನ ಫಲಿತಾಂಶಗಳೂ ನಡುವೆ ನುಗ್ಗುತ್ತವೆ. ರನ್ ಊಹೆ ಮಾಡುವುದಿಲ್ಲ. ಕರೆದವರನ್ನು ಕರೆತರುತ್ತದೆ, ಇಲ್ಲದಿದ್ದರೆ ಇಲ್ಲ ಅನ್ನುತ್ತದೆ. ಇನ್ನೊಂದು, ಕೆಲವೊಮ್ಮೆ ಸ್ಟಾರ್ಟ್ ಮೆನುವೇ ಇರುವುದಿಲ್ಲ.

ನನಗೆ ಹಾಗೆ ಆಗಿದೆ. ಒಂದು ರಾತ್ರಿ ಮರುದಿನದ ಕೆಲಸಕ್ಕೆ ಏನೋ ತಯಾರಿ ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು. ಟಾಸ್ಕ್‌ಬಾರ್ ಇಲ್ಲ, ಐಕಾನ್ ಇಲ್ಲ. ಮೌಸ್ ಬಾಣ ಮಾತ್ರ ಕಪ್ಪು ಬಯಲಿನಲ್ಲಿ ಓಡಾಡುತ್ತಿದೆ. ಸೇವ್ ಮಾಡದ ಬರಹ ಹಿಂದೆಲ್ಲೋ ಇದೆ. ಕಂಪ್ಯೂಟರನ್ನು ಬಲವಂತವಾಗಿ ಆಫ್ ಮಾಡೋಕೆ ಕೈ ಹೋಗಿತ್ತು. ತಡೆದುಕೊಂಡು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ಬಂತು. ಅದರಲ್ಲಿ ರನ್ ನ್ಯೂ ಟಾಸ್ಕ್ ಅಂತ ಒಂದು ಆಯ್ಕೆ ಇದೆ. ಕ್ಲಿಕ್ ಮಾಡಿದರೆ ಅದೇ ರನ್ ಪೆಟ್ಟಿಗೆಯ ಅಣ್ಣತಮ್ಮನಂಥದ್ದು ಬರುತ್ತದೆ. ಎಕ್ಸ್‌ಪ್ಲೋರರ್ ಅಂತ ಬರೆದು ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಟಾಸ್ಕ್‌ಬಾರ್ ಬಂತು, ಐಕಾನುಗಳು ಬಂದವು, ನನ್ನ ಬರಹವೂ ಇದ್ದಲ್ಲೇ ಇತ್ತು. ಯಾಕೆ ಅಂದರೆ ನಾವು ವಿಂಡೋಸ್‌ನ ಮುಖ ಅಂತ ನೋಡುವುದು, ಅಂದರೆ ಟಾಸ್ಕ್‌ಬಾರ್, ಸ್ಟಾರ್ಟ್ ಗುಂಡಿ, ಡೆಸ್ಕ್‌ಟಾಪ್, ಎಲ್ಲವನ್ನೂ ತೋರಿಸುತ್ತಿರುವುದು ಎಕ್ಸ್‌ಪ್ಲೋರರ್ ಅನ್ನುವ ಒಂದು ಪ್ರೋಗ್ರಾಂ. ಅದು ಬಿದ್ದರೆ ಉಳಿದ ಪ್ರೋಗ್ರಾಮುಗಳು ಸಾಯುವುದಿಲ್ಲ. ಅದನ್ನು ಹೆಸರಿಟ್ಟು ಎಬ್ಬಿಸಿದರೆ ಆಯಿತು. ಅಂದ ಹಾಗೆ, ಎಕ್ಸ್‌ಪ್ಲೋರರ್ ಹೆಸರೂ ಎಂಟೇ ಅಕ್ಷರ.

ಈ ವಿಷಯವನ್ನು ನಾನು ಇಷ್ಟು ಆಸೆಯಿಂದ ಹೇಳೋಕೆ ಇನ್ನೊಂದು ಕಾರಣ ಇದೆ. ಮೌಸ್ ಅನ್ನುವುದು ಕಣ್ಣು ಮತ್ತು ಕೈ ಎರಡೂ ಗಟ್ಟಿ ಇರುವವರಿಗೆ ಮಾಡಿದ ಸಾಧನ. ಸಣ್ಣ ಚಿತ್ರವನ್ನು ಕಣ್ಣಿನಿಂದ ಹುಡುಕಬೇಕು, ಕೈ ನಡುಗದೆ ಅದರ ಮೇಲೆ ಬಾಣ ನಿಲ್ಲಿಸಬೇಕು. ಕಣ್ಣು ಕಾಣದವರಿಗೆ, ಕೈ ನಡುಗುವವರಿಗೆ ಇದು ಬೆಟ್ಟ ಹತ್ತಿದ ಹಾಗೆ. ಹೆಸರು ಬರೆಯೋಕೆ ಚಿತ್ರ ಕಾಣಬೇಕಿಲ್ಲ. ಪರದೆ ಓದಿ ಹೇಳುವ ನರೇಟರ್, ಅಕ್ಷರ ದೊಡ್ಡದು ಮಾಡುವ ಮ್ಯಾಗ್ನಿಫೈ, ಎರಡೂ ವಿಂಡೋಸ್‌ನಲ್ಲೇ ಇವೆ. ಹೆಸರು ಬರೆದರೆ ಬರುತ್ತವೆ. ಕೀಬೋರ್ಡಿನ ಒಂದೆರಡು ಕೀ ಕೆಟ್ಟಿದ್ದರೆ ಓ-ಎಸ್-ಕೆ ಅಂತ ಬರೆಯಿರಿ, ಪರದೆಯ ಮೇಲೆ ಕೀಬೋರ್ಡ್ ಬರುತ್ತದೆ. ಕೆಟ್ಟದ್ದು ಕೆ ಕೀಯೇ ಆದರೆ? ಕಿಟಕಿ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದರೂ ಅದು ಬರುತ್ತದೆ. ಇಲ್ಲವೇ ಪೆಟ್ಟಿಗೆಯ ಬಲತುದಿಯ ಬಾಣ ಒತ್ತಿ. ನೀವು ಹಿಂದೆ ಬರೆದ 26 ಹೆಸರುಗಳವರೆಗೆ ಅದು ನೆನಪಿಟ್ಟುಕೊಂಡಿರುತ್ತದೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಕಿವಿಮಾತು. ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಆನ್ ಇದ್ದಾಗ ಕ್ಯಾಲ್ಕುಲೇಟರಿಗೆ ಅಂತ ನಾಲ್ಕು ಕೀ ಒತ್ತಿದರೆ ಪೆಟ್ಟಿಗೆಯಲ್ಲಿ "ಮೋತಮ" ಅಂತ ಬೀಳುತ್ತದೆ. ಮೋತಮ ಸಿಗಲಿಲ್ಲ, ಹೆಸರು ಸರಿಯಾಗಿ ಬರೆದಿದ್ದೀರಾ ನೋಡಿ ಅಂತ ವಿಂಡೋಸ್ ಹೇಳುತ್ತದೆ. ಗಾಬರಿ ಬೇಡ. ಕಿಟಕಿ ಕೀ ಹಿಡಿದು ಸ್ಪೇಸ್‌ಬಾರ್ ಒತ್ತಿ ಇಂಗ್ಲಿಷಿಗೆ ಬದಲಿಸಿ, ಮತ್ತೆ ಬರೆಯಿರಿ.

ಇನ್ನು ಎಚ್ಚರಿಕೆಯ ಮಾತು. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮನೆಗೆ ಹೋಗಿ ದೊಡ್ಡವರಿಗೂ ಹೇಳಿ.

2024ರಿಂದ ಈಚೆಗೆ ಒಂದು ಮೋಸ ಜೋರಾಗಿ ಹರಡಿದೆ. ಕ್ಲಿಕ್‌ಫಿಕ್ಸ್ ಅಂತ ಅದಕ್ಕೆ ಹೆಸರು. ನೀವು ಯಾವುದೋ ವೆಬ್‌ಸೈಟಿಗೆ ಹೋಗುತ್ತೀರಿ. "ನೀವು ಮನುಷ್ಯರೇ ಅಂತ ಖಚಿತಪಡಿಸಿ" ಅನ್ನುವ ಪೆಟ್ಟಿಗೆ ಬರುತ್ತದೆ. ಒತ್ತಿದರೆ ಮೂರು ಹೆಜ್ಜೆ ತೋರಿಸುತ್ತದೆ. ಕಿಟಕಿ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ. ಗೊತ್ತಾಯ್ತಲ್ವಾ ಏನಾಗುತ್ತಿದೆ ಅಂತ? ನೀವು ಮೊದಲ ಸಲ ಕ್ಲಿಕ್ ಮಾಡಿದಾಗಲೇ ಆ ಪುಟ ಒಂದು ಕೆಟ್ಟ ಕಮಾಂಡನ್ನು ನಿಮಗೆ ಗೊತ್ತಿಲ್ಲದೆ ಕಾಪಿ ಮಾಡಿ ಇಟ್ಟಿರುತ್ತದೆ. ನೀವು ನಿಮ್ಮ ಕೈಯಾರೆ ಅದನ್ನು ರನ್ ಪೆಟ್ಟಿಗೆಗೆ ಅಂಟಿಸಿ ಎಂಟರ್ ಒತ್ತುತ್ತೀರಿ. ಕಮಾಂಡು ಉದ್ದ ಇರುತ್ತದೆ, ಪೆಟ್ಟಿಗೆ ಚಿಕ್ಕದು. ಕಾಣುವುದು ಅದರ ಕೊನೆಯ ತುದಿ ಮಾತ್ರ. ಆ ತುದಿಯಲ್ಲಿ "ನಾನು ರೋಬಾಟ್ ಅಲ್ಲ" ಅನ್ನುವ ಥರ ಏನೋ ಬರೆದಿರುತ್ತಾರೆ. ಮುಂದಿನದನ್ನು ಕಳ್ಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಪಾಸ್‌ವರ್ಡ್‌ಗಳು ಹೋಗುತ್ತವೆ.

ನಿಜವಾದ ಯಾವ ಪರೀಕ್ಷೆಯೂ ನಿಮ್ಮನ್ನು ರನ್ ಪೆಟ್ಟಿಗೆ ತೆರೆಯಿರಿ ಅಂತ ಕೇಳುವುದಿಲ್ಲ. ನಾನು ಪಾಲಿಸುವ ನಿಯಮ ಹೇಳುತ್ತೇನೆ. ಈ ಪೆಟ್ಟಿಗೆಯಲ್ಲಿ ನಾನು ಟೈಪ್ ಮಾಡುತ್ತೇನೆ, ಅಂಟಿಸುವುದಿಲ್ಲ. ಅರ್ಥ ಬಿಡಿಸೋಕೆ ಆಗದ ಹೆಸರನ್ನು ಬರೆಯುವುದೂ ಇಲ್ಲ. ಹೆಸರು ಓದೋಕೆ ಕಲಿಯಿರಿ ಅಂತ ಒತ್ತಿ ಹೇಳಿದ್ದು ಇದಕ್ಕೂ ಸೇರಿಯೇ.

ಫೋನ್ ಮೋಸವೂ ಇದೆ, ಅದು ಹಳೆಯದು. ದೊಡ್ಡ ಕಂಪನಿಯವರು ಅಂತ ಹೇಳಿಕೊಂಡು ಕರೆ ಮಾಡುತ್ತಾರೆ. ಈವೆಂಟ್ ವ್ಯೂವರ್ ತೆರೆಸುತ್ತಾರೆ. "ಕೆಂಪು ಗುರುತು ಎಷ್ಟಿದೆ ನೋಡಿ, ಎಲ್ಲ ವೈರಸ್" ಅಂತ ಹೆದರಿಸಿ ದುಡ್ಡು ಕೇಳುತ್ತಾರೆ. ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರಿನಲ್ಲೂ ಅಲ್ಲಿ ಕೆಂಪು ಗುರುತುಗಳು ಇದ್ದೇ ಇರುತ್ತವೆ. ಯಾವುದೋ ಸೇವೆ ಶುರುವಾಗೋಕೆ ತಡ ಮಾಡಿದರೂ ಒಂದು ಸಾಲು ದಾಖಲಾಗುತ್ತದೆ. ಈಗಲೇ ನೀವೇ ತೆರೆದು ನೋಡಿ. ಒಮ್ಮೆ ಕಣ್ಣಾರೆ ನೋಡಿದವರನ್ನು ಹೆದರಿಸೋಕೆ ಆಗುವುದಿಲ್ಲ.

ರಿಜಿಸ್ಟ್ರಿ ಎಡಿಟರಿನ ಹೆಸರು, ಅಂದರೆ ಆರ್-ಇ-ಜಿ-ಇ-ಡಿ-ಐ-ಟಿ, ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. ಕುತೂಹಲಕ್ಕೆ ಅಂತ ಅದರೊಳಗೆ ಏನನ್ನೂ ಬದಲಿಸಬೇಡಿ. ಅಲ್ಲಿ ಅನ್‌ಡೂ ಇಲ್ಲ.

ಮ್ಯಾಕ್ ಬಳಸುವವರು ಕೇಳಬಹುದು. ಅಲ್ಲಿ ಕಮಾಂಡ್ ಮತ್ತು ಸ್ಪೇಸ್‌ಬಾರ್ ಒತ್ತಿದರೆ ಸ್ಪಾಟ್‌ಲೈಟ್ ಬರುತ್ತದೆ, 2005ರಿಂದ ಇದೆ. ಲಿನಕ್ಸ್‌ನ ಬಹಳಷ್ಟು ಡೆಸ್ಕ್‌ಟಾಪ್‌ಗಳಲ್ಲಿ ಆಲ್ಟ್ ಮತ್ತು ಎಫ್2.

ಯಾವುದರಿಂದ ಶುರು ಮಾಡಬೇಕು ಅಂದರೆ, ಡಬ್ಲ್ಯೂ-ಐ-ಎನ್-ವಿ-ಇ-ಆರ್ ಇಂದ. ವಿಂಡೋಸ್ ವರ್ಶನ್. ಸಣ್ಣ ಕಿಟಕಿ, ಅದರಲ್ಲಿ ನಿಮ್ಮ ವಿಂಡೋಸ್ ಯಾವುದು, ಎಷ್ಟನೇ ಆವೃತ್ತಿ ಅಂತ ಇರುತ್ತದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಇದನ್ನು ತಿಳಿದುಕೊಳ್ಳುವುದು ಈಗ ಬರೀ ಕುತೂಹಲದ ವಿಷಯ ಅಲ್ಲ. ಆಮೇಲೆ ಎಂ-ಎಸ್-ಐ-ಎನ್-ಎಫ್-ಓ, ಮುಂದೆ 32 ಅನ್ನುವ ಅಂಕಿ. ಕಂಪ್ಯೂಟರಿನ ಜಾತಕ ಪೂರ್ತಿ ಅಲ್ಲಿದೆ. ರಿಪೇರಿಯವರಿಗೆ ಫೋನ್ ಮಾಡುವ ಮೊದಲು ಇದನ್ನು ತೆರೆದಿಟ್ಟುಕೊಳ್ಳಿ.

ಮಾತು ಮುಗಿಯುವ ಹೊತ್ತಿಗೆ ಮುಂದಿನ ಸಾಲಿನಿಂದ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. "ಅವರು ಇಟ್ಟ ಹೆಸರು ಸರಿ ಸರ್, ನಮ್ಮ ಹೆಸರು ನಾವೇ ಇಡೋಕೆ ಬರುತ್ತಾ?"

ಬರುತ್ತದೆ. ಒಂದು ಹೊಸ ಫೋಲ್ಡರ್ ಮಾಡಿಕೊಳ್ಳಿ. ಫೋಲ್ಡರಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಹಳೆಯ ಪ್ರೋಗ್ರಾಮುಗಳಿಗೆ ತೊಂದರೆ ಆಗುವುದಿಲ್ಲ. ಪದೇಪದೇ ತೆರೆಯುವ ಪ್ರೋಗ್ರಾಂ, ಫೈಲು, ಏನೇ ಇರಲಿ, ಅದರ ಶಾರ್ಟ್‌ಕಟ್ ಮಾಡಿ ಈ ಫೋಲ್ಡರಿನಲ್ಲಿ ಇಡಿ. ಶಾರ್ಟ್‌ಕಟ್ಟಿಗೆ ನಿಮಗೆ ಬೇಕಾದ ಹೆಸರು ಕೊಡಿ. ಈಗ ರನ್‌ನಲ್ಲಿ ಎಸ್-ವೈ-ಎಸ್-ಡಿ-ಎಂ, ಚುಕ್ಕಿ, ಸಿ-ಪಿ-ಎಲ್ ಬರೆಯಿರಿ. ಅಡ್ವಾನ್ಸ್‌ಡ್ ಪುಟಕ್ಕೆ ಹೋಗಿ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಒತ್ತಿ. ಮೇಲಿನ ಪಟ್ಟಿಯಲ್ಲಿ ಪಾತ್ ಅಂತ ಇದೆ. ಅದನ್ನು ಎಡಿಟ್ ಮಾಡಿ ನ್ಯೂ ಒತ್ತಿ, ನಿಮ್ಮ ಫೋಲ್ಡರಿನ ವಿಳಾಸ ಸೇರಿಸಿ. ಅಲ್ಲಿರುವ ಬೇರೆ ಸಾಲುಗಳನ್ನು ಮುಟ್ಟಬೇಡಿ. ಒಮ್ಮೆ ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿ.

ಶಾರ್ಟ್‌ಕಟ್ಟಿನ ಹೆಸರಿಗೆ ಈಗ ಎಂಟು ಅಕ್ಷರದ ಕಟ್ಟಿಲ್ಲ. ಇಂಗ್ಲಿಷೇ ಆಗಬೇಕು ಅಂತಲೂ ಇಲ್ಲ. ನನ್ನ ದಿನಚರಿಯ ಫೈಲಿಗೆ ನಾನು "ದಿನ" ಅಂತ ಹೆಸರಿಟ್ಟುಕೊಂಡಿದ್ದೇನೆ. ಕನ್ನಡ ಕೀಬೋರ್ಡ್ ಆನ್ ಇದ್ದಾಗ ಕಿಟಕಿ ಕೀ, ಆರ್, ಆಮೇಲೆ ದಿನ ಅಂತ ಬರೆದು ಎಂಟರ್. ಫೈಲು ತೆರೆಯುತ್ತದೆ.